ಕೊಡೆ ಇಣಚಿಯ ಕೊನೆಯ ಮನೆ

ಬಾಲ್ಯ ಎಂದರೆ ನನ್ನ ಮೂಗಿಗೆ ಮೊದಲು ಬರುವುದು ಭಾನುವಾರದ ಪತ್ರಿಕೆಯ ವಾಸನೆ. ಬರೀ ಶಾಯಿಯ ವಾಸನೆಯಲ್ಲ. ನಮ್ಮ ಸಾಲಿಗೆ ಬರುತ್ತಿದ್ದದ್ದು ಒಂದೇ ಪ್ರತಿ. ಅದು ಕಾಂಪೌಂಡು ಗೋಡೆಗಳ ಮೇಲಿಂದ ಮನೆ ಮನೆ ದಾಟಿ, ಹನ್ನೊಂದು ಅಡುಗೆಮನೆಗಳನ್ನು ಮುಗಿಸಿಕೊಂಡು, ಸಂಜೆಯ ಹೊತ್ತಿಗೆ ನಮ್ಮ ಮನೆ ಸೇರುತ್ತಿತ್ತು. ಅಷ್ಟರಲ್ಲಿ ಇಂಗಿನ ಒಗ್ಗರಣೆ, ಯಾರದೋ ತಲೆಯ ಹರಳೆಣ್ಣೆ, ಹುರಿದ ಒಣಮೀನು, ಸಾಂಬ್ರಾಣಿ ಹೊಗೆ ಎಲ್ಲವೂ ಆ ಕಾಗದಕ್ಕೆ ಹತ್ತಿಕೊಂಡಿರುತ್ತಿದ್ದವು. ಕಟ್ಟಕಡೆಯದು ಬೆಲ್ಲದ ವಾಸನೆ. ಅದು ಪಕ್ಕದ ಮನೆಯ ನನ್ನ ಗೆಳತಿ ಚಂದ್ರಮತಿಯದು, ಚಂದ್ರಿಯದು.

ಪತ್ರಿಕೆಯ ಕೊನೆಯ ಪುಟದಲ್ಲಿ ಕೊಡೆ ಇಣಚಿ ಎಂಬ ಚಿತ್ರಕಥೆ ಬರುತ್ತಿತ್ತು. ಬಾಲಕ್ಕಿಂತ ದೊಡ್ಡ ಕೊಡೆ ಹಿಡಿದ ಸೋಮಾರಿ ಅಳಿಲು. ಎಂಟು ಚೌಕಗಳಲ್ಲಿ ಅದರ ಕಥೆ. ಏಳು ಚೌಕಗಳಲ್ಲಿ ಎಲ್ಲೆಲ್ಲೋ ಬಿದ್ದು, ಯಾರು ಯಾರಿಂದಲೋ ಬೈಸಿಕೊಂಡು, ಎಂಟನೆಯದರಲ್ಲಿ ಮನೆಗೆ ಬರುತ್ತಿತ್ತು. ಬಾಗಿಲಲ್ಲಿ ಅದರ ಅಮ್ಮ ಒಂದು ಮಾತೂ ಆಡದೆ ಮುತ್ತುಗದ ಎಲೆಯಲ್ಲಿ ಊಟ ಕೊಡುತ್ತಿತ್ತು. ಪ್ರತಿ ವಾರವೂ ಆ ಎಲೆಯ ಮೇಲೆ ಚಂದ್ರಿಯ ಬೆಲ್ಲದ ಹೆಬ್ಬೆಟ್ಟು ಇದ್ದೇ ಇರುತ್ತಿತ್ತು. ಅದೇಕೆ ಹಾಗೆ ಮಾಡುತ್ತೀ ಎಂದು ಒಮ್ಮೆ ಕೇಳಿದೆ. “ಎಲೆ ಖಾಲಿ ಇತ್ತು ಕಣೆ ಪಂಕಜ. ಚಿತ್ರ ಬರೆಯೋರು ಊಟ ಹಾಕೋದೇ ಮರೀತಾರೆ” ಎಂದಳು.

ಪತ್ರಿಕೆ ಅವಳ ಮನೆಯಿಂದ ನಮ್ಮ ಮನೆಗೆ ಬರುತ್ತಿತ್ತೇ ಹೊರತು ನಮ್ಮಿಂದ ಅವಳ ಮನೆಗೆ ಏನೂ ಹೋಗುವಂತಿರಲಿಲ್ಲ. ನಮ್ಮೂರಿನಲ್ಲಿ ಎಲ್ಲವೂ ಬಲಕ್ಕೇ. ಕೆರೆಯ ಸುತ್ತ ಇರುವುದು ಒಂದೇ ಬೀದಿ, ಅದರ ಒಂದೇ ಬದಿಗೆ ಮನೆಗಳು. ಮನೆಯೊಳಗೆ, ಹಿತ್ತಲಲ್ಲಿ ಹೇಗೆ ಬೇಕಾದರೂ ಓಡಾಡಬಹುದು. ಗೇಟು ದಾಟಿ ಬೀದಿಗೆ ಕಾಲಿಟ್ಟರೆ ಮಾತ್ರ ಬಲಕ್ಕೆ ನಡೆಯಬೇಕು. ಎಡಕ್ಕೆ ತಿರುಗಿದರೆ ಕಾಣುವುದಕ್ಕೆ ಎಲ್ಲವೂ ಕಾಣುತ್ತದೆ, ಪಾದ ಹೋಗುವುದಿಲ್ಲ. ಗೋಡೆಯಾಚೆಯ ಮಾತು, ವಾಸನೆ, ಪಲ್ಯದ ಬಟ್ಟಲು, ಎಲ್ಲಕ್ಕೂ ಅದೇ ದಾರಿ. ಎಡಮನೆಯವರು ಕೊಟ್ಟ ಬಟ್ಟಲನ್ನು ಅವರಿಗೆ ಹಿಂದಿರುಗಿಸಲು ಬಾರದು. ತೊಳೆದು, ನಮ್ಮದೇನಾದರೂ ತುಂಬಿ, ಬಲಮನೆಗೆ ಕೊಡಬೇಕು. ನಮ್ಮೂರಿನ ಪಾತ್ರೆಗಳ ಮೇಲೆ ಯಾರೂ ಹೆಸರು ಕೆತ್ತಿಸುವುದಿಲ್ಲ. ಟೆಲಿಫೋನಿನವರು ಒಮ್ಮೆ ಬಂದು ಕಂಬ ನೆಟ್ಟರು. ಎಡಮನೆಯವರು ಮಾತಾಡಿದ್ದು ನಮಗೆ ಕೇಳುತ್ತಿತ್ತು, ನಾವು ಆಡಿದ್ದು ಅವರಿಗೆ ಕೇಳುತ್ತಿರಲಿಲ್ಲ. ಅವರು ಒಂದು ತಿಂಗಳು ತಂತಿ ತಿರುಚಿ ನೋಡಿ, ಕಂಬ ಕಿತ್ತುಕೊಂಡು ಹೋದರು.

ಊರಿನವರಿಗೆ ಇರುವ ಒಂದೇ ಭಯ, ಹೋಗಬೇಕಾದ ಮನೆಯನ್ನು ದಾಟಿಬಿಡುವುದು. ದಾಟಿದರೆ ಮತ್ತೆ ಇಡೀ ಕೆರೆ ಸುತ್ತಿ ಬರಬೇಕು. ಗಟ್ಟಿ ಕಾಲಿನವರಿಗೇ ಒಂದೂವರೆ ಗಂಟೆಯ ದಾರಿ. ಮಕ್ಕಳಿಗೆ ಅ ಆ ಇ ಈ ಕಲಿಸುವ ಮೊದಲು ಗೇಟು ಎಣಿಸುವುದನ್ನು ಕಲಿಸುತ್ತೇವೆ. ಒಬ್ಬ ಮದುಮಗ ಮಾತಿನ ಭರದಲ್ಲಿ ಮಂಟಪವನ್ನು ದಾಟಿಬಿಟ್ಟನೆಂದು, ಅವನು ಸುತ್ತಿ ಬರುವಷ್ಟರಲ್ಲಿ ಪಾಯಸ ಖಾಲಿಯಾಗಿತ್ತೆಂದು ನನ್ನ ಅಜ್ಜಿ ಹೇಳುತ್ತಿದ್ದರು.

ನಾನು ಓದಿ ಇಲ್ಲಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತ ಕಲಿಸತೊಡಗಿದೆ. ಮದುವೆಯಾಗಲಿಲ್ಲ. ಚಂದ್ರಿ ರೇಡಿಯೊ ರಿಪೇರಿಯ ಗಂಗಾಧರಯ್ಯನವರನ್ನು ಮದುವೆಯಾದಳು. ಅವರೇ ಬಂದು ಅವಳ ಮನೆಯಲ್ಲಿ ಉಳಿದರು. ನಮಗೆ ಮೂವತ್ತೆಂಟೋ ಮೂವತ್ತೊಂಬತ್ತೋ ಇದ್ದಾಗ ಹೊರಗಿನಿಂದ ಬಂದ ಒಬ್ಬ ಮಾರಾಟಗಾರ ಮನೆಯ ಜಗಲಿಯಲ್ಲೇ ಇದ್ದ ಅವರ ಅಂಗಡಿಗೆ ವಿಡಿಯೋ ಗೇಮಿನ ಪೆಟ್ಟಿಗೆಯೊಂದನ್ನು ತಂದಿಟ್ಟ. ಕೆಂಪು ಗುಂಡಿಯ ಎರಡು ರಿಮೋಟು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ನಮ್ಮ ಕೊಡೆ ಇಣಚಿಯ ಚಿತ್ರ!

ಟೀವಿಯಲ್ಲಿ ಕಂಡ ಇಣಚಿ ಮಾತ್ರ ಬೇರೆಯೇ ಇತ್ತು. ಪತ್ರಿಕೆಯದು ಸೋಮಾರಿ, ಇದು ಒಂದೇ ಸಮನೆ ಓಡುತ್ತಿತ್ತು. ಮಡಕೆಯಿಂದ ಮಡಕೆಗೆ, ಕೊಂಬೆಯಿಂದ ಕೊಂಬೆಗೆ ನೆಗೆದು, ಎತ್ತರದಿಂದ ಬಿದ್ದರೆ ಕೊಡೆ ಬಿಚ್ಚಿ ತೇಲಿ ಇಳಿದು, ಮತ್ತೆ ಬಲಕ್ಕೆ ಓಡುತ್ತಿತ್ತು. ಅದು ಮುಂದೆ ಹೋದಂತೆ ಚಿತ್ರವೂ ಮುಂದೆ ಸರಿಯುತ್ತಿತ್ತು. ಟೀವಿಯ ಎಡ ಅಂಚಿಗೆ ಸಿಕ್ಕಿದ್ದೆಲ್ಲ ಹೋಯಿತೆಂದೇ ಲೆಕ್ಕ. “ಬೇರೆ ಊರಲ್ಲೆಲ್ಲ ಜನ ಗಲಾಟೆ ಮಾಡ್ತಾರಮ್ಮ, ಹಿಂದಕ್ಕೆ ಹೋಗೋಕೆ ಆಗಲ್ವಲ್ಲ ಅಂತ. ಇಲ್ಲಿ ಒಬ್ಬರೂ ಕೇಳ್ಲಿಲ್ಲ” ಎಂದು ಆ ಮಾರಾಟಗಾರ ತಲೆ ಕೆರೆದುಕೊಂಡ. ಕೇಳುವುದೇನಿತ್ತು? ನಮಗೆ ಅರ್ಥವಾಗದೇ ಇದ್ದದ್ದು ಇನ್ನೊಂದು. ಇಣಚಿ ಮನೆಗೆ ಹೋಗುವುದು ಯಾವಾಗ? ಎಂಟನೆಯ ಚೌಕ ಎಲ್ಲಿದೆ?

ಆಟದ ಕೊನೆಯಲ್ಲಿ ಒಂದು ಮನೆ ಇದೆಯೆಂದು ಕ್ಯಾಸೆಟ್ಟಿನ ಡಬ್ಬದ ಹಿಂದೆ ಚಿತ್ರವಿತ್ತು. ಅಲ್ಲಿಗೆ ಇಬ್ಬರು ಆಡಿದರೆ ಮಾತ್ರ ಹೋಗಬಹುದು. ಕೊಡೆ ಇಣಚಿ ನಾನು. ಅದರ ತಂಗಿ ಬುಟ್ಟಿ ಇಣಚಿ ಚಂದ್ರಿ. ಮಧ್ಯಾಹ್ನ ಕಾಲೇಜು ಮುಗಿಸಿ, ಸುತ್ತು ಬಸ್ಸು ಹಿಡಿದು ಕೆರೆ ಸುತ್ತಿ ಅವಳ ಮನೆಗೆ ಬಂದು, ಮೂರರಿಂದ ನಾಲ್ಕೂವರೆಯವರೆಗೆ ಆಡಿ, ಒಂದು ಗೇಟು ದಾಟಿ ನನ್ನ ಮನೆ ಸೇರುತ್ತಿದ್ದೆ. ಕ್ಯಾಸೆಟ್ಟಿಗೆ ಬಾಯಿಂದ ಉಫ್ ಎಂದು ಊದಿ ಪೆಟ್ಟಿಗೆಗೆ ಹಾಕುವುದು ಅವಳ ಕೆಲಸ. ಪ್ರತಿ ಹಂತದ ನಡುವೆ ಒಂದು ಕೊಡೆ ಬಿಚ್ಚಿ ನೇತಾಡುತ್ತಿರುತ್ತಿತ್ತು. ನೆಗೆದು ಅದನ್ನು ಮುಟ್ಟಿದರೆ, ಮುಂದೆ ಬಿದ್ದು ಸತ್ತರೂ ಮೊದಲಿಂದ ಹೊರಡಬೇಕಿಲ್ಲ, ಆ ಕೊಡೆಯಿಂದಲೇ ಶುರು. ಚಂದ್ರಿ ಒಂದನ್ನೂ ಬಿಡದೆ ಮುಟ್ಟುತ್ತಿದ್ದಳು. ಆದರೆ ಮೂರನೆಯ ಹಂತದ ಬಾವಿಯ ಹತ್ತಿರ ನಾವು ಪ್ರತಿ ಸಲವೂ ಸೋಲುತ್ತಿದ್ದೆವು. ಅಲ್ಲಿ ಏತದಂಥ ಒಂದು ಹಲಗೆ. ಒಬ್ಬರು ಈ ತುದಿಯಲ್ಲಿ ನಿಂತರೆ ಆ ತುದಿ ಮೇಲೇಳುತ್ತದೆ, ಇನ್ನೊಬ್ಬರು ಓಡಿ ದಾಟಬಹುದು. ಅವಳು ನಿಲ್ಲುತ್ತಿದ್ದಳು, ನಾನು ದಾಟುತ್ತಿದ್ದೆ. ನಾನು ಮುಂದೆ ಓಡಿದರೆ ಚಿತ್ರ ಸರಿದು ಅವಳ ಇಣಚಿಯನ್ನು ಎಡ ಅಂಚು ನುಂಗಿಬಿಡುತ್ತಿತ್ತು. “ಬೇಗ ಬಾರೆ!” ಎಂದು ನಾನು ಕೂಗುವುದು, “ಹೋಯ್ತು ಕಣೆ” ಎಂದು ಅವಳು ನಗುವುದು. ಇಪ್ಪತ್ತೇಳು ವರ್ಷ ಹೀಗೇ ಆಡಿದೆವು.

ಆಮೇಲೆ ಸುತ್ತು ಬಸ್ಸು ಕೆಟ್ಟು ನಿಂತಿತು. ಅದೇ ವರ್ಷ ನನ್ನ ಎಡ ಮಂಡಿಯೂ. ಗಂಗಾಧರಯ್ಯನವರು ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ನಾನು ಚಂದ್ರಿಯ ಮನೆಗೆ ಹೋಗುವುದು ನಿಂತಿತು, ಅವಳು ಬರುವುದು ನಿಲ್ಲಲಿಲ್ಲ. ಹನ್ನೊಂದು ಗಂಟೆಗೆ ಮೂರು ಅಂತಸ್ತಿನ ಡಬ್ಬಿಯಲ್ಲಿ ಹೊಗೆಯಾಡುವ ಊಟ ತಂದು, ನನ್ನ ಜೊತೆ ಉಂಡು, ಎರಡು ಗಂಟೆಗೆ ಎದ್ದು, ತನ್ನ ಪಕ್ಕದ ಮನೆಗೆ ಹೋಗಲು ಇಡೀ ಊರು ಸುತ್ತಲು ಹೊರಡುತ್ತಿದ್ದಳು. “ನಂಗೆ ವಾಕಿಂಗ್ ಆಗುತ್ತೆ ಬಿಡು” ಎನ್ನುತ್ತಿದ್ದಳು. ಆರು ವರ್ಷ. ಅದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಆ ಸೋಮವಾರ ಅವಳು ಹೀರೇಕಾಯಿ ಪಲ್ಯ ತಂದಿದ್ದಳು. ಕೂತವಳೇ, “ಇವತ್ತು ಕಾಲೇಜಿಗೆ ರಜಾನಾ?” ಎಂದಳು. ನಾನು ನಿವೃತ್ತಳಾಗಿ ಹದಿಮೂರು ವರ್ಷ. ತಮಾಷೆ ಎಂದುಕೊಂಡು ನಕ್ಕೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದಳು. ಮೂರನೆಯ ಸಲ ಕೇಳಿದಾಗ ನನ್ನ ಮಂಡಿ ನೋಯುತ್ತಿತ್ತು, ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು, ವೈದ್ಯರು ನನಗೆ ಉಪ್ಪು ಬೇಡವೆಂದಿದ್ದು ಅವಳಿಗೆ ಗೊತ್ತಿತ್ತು. “ಎಷ್ಟು ಸಲ ಕೇಳ್ತೀಯೆ ಅದನ್ನೇ? ಆಟದಲ್ಲೂ ಹಿಂಗೇ, ಎಲ್ಲದರಲ್ಲೂ ಹಿಂದೆ. ನಿನ್ನಿಂದಾಗಿ ಆ ಕೊನೇ ಮನೆ ನಾನು ನೋಡ್ಲೇ ಇಲ್ಲ” ಎಂದುಬಿಟ್ಟೆ. ಅವಳು ಡಬ್ಬಿ ತೊಳೆದುಕೊಂಡು, “ಬರ್ತೀನಿ ಕಣೆ” ಎಂದು ಎಂದಿನ ಹಾಗೆ ಹೇಳಿ ಹೊರಟಳು.

ಮಾರನೆಯ ದಿನ ನಾನು ಕಿಟಕಿಯ ಬಳಿ ಅಕ್ಕಿ ಆರಿಸುತ್ತ ಕೂತಿದ್ದೆ. ಹನ್ನೊಂದಕ್ಕೆ ಚಂದ್ರಿ ಡಬ್ಬಿ ಹಿಡಿದು ಬಂದಳು. ನನ್ನ ಗೇಟಿನ ಮುಂದೆ ಬಂದು, ಅದನ್ನು ನೋಡಿ, ದಾಟಿ ಹೋದಳು. ತರಕಾರಿ ತರಲು ಹೋಗಿರಬೇಕು ಎಂದುಕೊಂಡೆ. ಆದರೆ ಹೋದವಳು ಬರುವುದು ಹೇಗೆ? ಮಧ್ಯಾಹ್ನ ಎರಡರ ಹೊತ್ತಿಗೆ ಎಡಗಡೆಯಿಂದ ಮತ್ತೆ ಬಂದಳು. ಕೈಯಲ್ಲಿ ಅದೇ ಡಬ್ಬಿ. ಮತ್ತೆ ದಾಟಿದಳು. ಸಿಟ್ಟು ತೋರಿಸಲು ಎರಡು ಸಲ ಊರು ಸುತ್ತುವವರನ್ನು ನಾನು ಕಂಡಿರಲಿಲ್ಲ. ದಾಟಿದ ಮೇಲೆ ಕೂಗಿದ್ದರೆ ಅವಳಿಗೆ ಕೇಳುತ್ತಿತ್ತು. ನಾನು ಕೂಗಲಿಲ್ಲ. ಸಿಟ್ಟು ನನಗೂ ಇತ್ತು.

ಮೂರನೆಯ ದಿನದಿಂದ ಅವಳು ಬೀದಿಗೇ ಬರಲಿಲ್ಲ. ಅವಳ ಅಡುಗೆಯ ವಾಸನೆಯೂ ಗೋಡೆ ದಾಟಿ ಬರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಬಂದದ್ದು ಕೊಡೆ ಇಣಚಿಯ ರಾಗ. ಆರು ವರ್ಷ ಕೇಳದಿದ್ದ ಟಿಣಿಟಿಣಿ ರಾಗ. ಇಣಚಿ ನೆಗೆಯುವ ಸದ್ದು, ಕೊಡೆ ಮುಟ್ಟಿದ ಗಂಟೆಯ ಸದ್ದು, ಆಮೇಲೆ ಬಾವಿಗೆ ಬೀಳುವ ಸದ್ದು. ಮತ್ತೆ ಗಂಟೆ, ಮತ್ತೆ ಬಾವಿ. ನಾನಿಲ್ಲದೆ ಆಡಿ ತೋರಿಸುತ್ತಿದ್ದಾಳೆಯೇ? ಒಬ್ಬಳೇ ಆ ಬಾವಿ ದಾಟಲಾಗದೆಂದು ಅವಳಿಗೆ ಗೊತ್ತಿಲ್ಲವೇ? ಅಥವಾ ಆಡುತ್ತಿರುವುದು ಬೇರೆ ಯಾರೋ, ಚಂದ್ರಿ ಒಳಗೆ ಮಲಗಿದ್ದಾಳೆಯೇ? “ಚಂದ್ರೀ, ಇದ್ದೀಯೇನೆ?” ಎಂದು ಗೋಡೆಗೆ ಬಾಯಿಟ್ಟು ಕೂಗಿದೆ. ಎಡಕ್ಕೆ ಕೂಗಿದ ದನಿ ನನ್ನ ಬಾಯಲ್ಲೇ ಉಳಿಯಿತು. ಹೀಗೆ ಒಂಬತ್ತು ದಿನ ಕಳೆದವು. ಹತ್ತನೆಯ ದಿನ ಬೆಳಿಗ್ಗೆ ಕಾಫಿ ಕುಡಿದು, ಕಪ್ಪು ಕೊಡೆಯನ್ನು ಊರುಗೋಲು ಮಾಡಿಕೊಂಡು ಗೇಟು ದಾಟಿದೆ. ಪಕ್ಕದ ಮನೆಗೆ ಹೋಗಬೇಕಿತ್ತು. ಇಡೀ ಊರು ಮುಂದಿತ್ತು.

ನಾಲ್ಕನೆಯ ಗೇಟು ಟೈಲರ್ ಹುಸೇನಣ್ಣನದು. ಜಗಲಿಯ ಮೇಲೆ ಮಷಿನ್ ತುಳಿಯುತ್ತಿದ್ದವರು ಕನ್ನಡಕ ತೆಗೆದು ನೋಡಿದರು. “ಪಂಕಜಕ್ಕ! ನೀವೇನಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ನನ್ನ ಮಗಳು ಈಗ್ಲೂ ಕನಸಲ್ಲಿ ನಿಮ್ಮ ಕ್ಲಾಸಿಗೆ ಲೇಟಾಗಿ ಬಂದು ಅಳ್ತಾಳೆ.” ನಾನು ಚಂದ್ರಿಯ ಸುದ್ದಿ ಎತ್ತಿದೆ. “ಬಂದಿದ್ರಲ್ಲ, ಆ ಮಂಗಳವಾರ. ಕೈಲಿ ಡಬ್ಬಿ. ‘ಪಂಕಜನ ಮನೆ ಇನ್ನೂ ಎಷ್ಟು ದೂರಪ್ಪ’ ಅಂದ್ರು. ‘ಅಕ್ಕ, ದಾಟ್ಬಿಟ್ರಲ್ಲ’ ಅಂದೆ. ‘ಹೌದಲ್ವಾ’ ಅಂತ ನಕ್ಕೊಂಡು ಹೋದ್ರು. ತಮಾಷೆ ಮಾಡ್ತಾರೆ ಅಂದ್ಕೊಂಡೆ.” ಊರ ಮುಂದೆ ನನ್ನನ್ನು ಆಡಿಕೊಂಡು ನಗುತ್ತಿದ್ದಾಳೆ ಎನ್ನಿಸಿತು. ನಾನು ಏಳುವಾಗ ಹುಸೇನಣ್ಣ ನನ್ನ ಕೊಡೆ ತೆಗೆದುಕೊಂಡು, ಅದರ ತುದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಾರದಲ್ಲಿ ಬಿಗಿದು ಕೊಟ್ಟರು. “ಮುಂದೆ ಕಲ್ಲುಹಾಸು ಜಾರುತ್ತೆ ಅಕ್ಕ.”

ಬಿಸಿಲೇರಿತು. ಎಣಿಸುತ್ತಿದ್ದ ಗೇಟುಗಳ ಲೆಕ್ಕ ತಪ್ಪಿತು. ಅರವತ್ತನೆಯ ಗೇಟಿನ ಆಸುಪಾಸಿನಲ್ಲಿ ಅಂಚೆ ಕಚೇರಿ ಇರಬೇಕಿತ್ತು, ಅಲ್ಲೊಂದು ಹಿಟ್ಟಿನ ಗಿರಣಿ ಇತ್ತು. ಆರು ವರ್ಷದಲ್ಲಿ ಊರು ಇಷ್ಟು ಬದಲಾಯಿತೇ, ನಾನೇ ತಪ್ಪು ನೆನಪಿಟ್ಟುಕೊಂಡೆನೇ? ಗಣಿತದವಳು ನಾನು. ಬೆರಳು ಮಡಿಸುತ್ತ ನಡುಬೀದಿಯಲ್ಲಿ ನಿಂತೆ. ಯಾವ ಸಂಖ್ಯೆಯ ಮೇಲೂ ನಂಬಿಕೆ ಬರಲಿಲ್ಲ.

ಕೆರೆ ಏರಿಯ ಮೆಟ್ಟಿಲ ಬುಡದಲ್ಲಿ ದೇವೀರಮ್ಮ ಮಜ್ಜಿಗೆ ಮಡಕೆ ಇಟ್ಟುಕೊಂಡು ಕೂತಿರುತ್ತಾಳೆ. ಅವಳು ಮಾತ್ರ ಇದ್ದಲ್ಲೇ ಇದ್ದಳು. ನನ್ನನ್ನು ಕಂಡು ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ಏನ್ ಟೀಚರಮ್ಮ, ಈಗ ದಾರಿ ಕಾಣ್ತಾ? ನಾನು ಹೇಳಿಕಳ್ಸಿ ಎಷ್ಟು ದಿನ ಆಯ್ತು!”

“ಏನು ಹೇಳಿಕಳಿಸಿದ್ದೆ?”

“ತಲುಪಲಿಲ್ವಾ? ಯಾವ ಬಾಗಿಲಲ್ಲಿ ನಿಂತ್ಕೊಂಡಿತೋ ಆ ಮಾತು.” ಲೋಟಕ್ಕೆ ಮಜ್ಜಿಗೆ ಹೊಯ್ದು, ನನ್ನ ಕೈಗಿಟ್ಟು, ಪಕ್ಕದಲ್ಲಿ ಕೂತಳು. “ಅವತ್ತು ಚಂದ್ರಮ್ಮ ಇಲ್ಲಿ ಎರಡು ಸಲ ಬಂದ್ರು ಕಣಮ್ಮ. ಮೊದಲ್ನೇ ಸಲ ಚೆನ್ನಾಗೇ ಮಾತಾಡ್ಕೊಂಡು ಹೋದ್ರು. ಎರಡ್ನೇ ಸಲ ಬಂದಾಗ ಮುಖ ಸಣ್ಣಗಾಗಿತ್ತು. ಡಬ್ಬಿ ಮುಟ್ಟಿ ನೋಡ್ದೆ, ಕಲ್ಲಿನಂಗೆ ಆರೋಗಿತ್ತು. ‘ಪಂಕಜನ ಮನೆ ಎಲ್ಲೋ ಹೋಗ್ಬಿಟ್ಟಿದೆ ದೇವೀರಿ, ನಾನು ಬಂದಾಗೆಲ್ಲ ಇರಲ್ಲ’ ಅಂದ್ರು. ಏನ್ ಹೇಳ್ಲಿ? ಕುಡಿಯೋಕೆ ಕೊಟ್ಟು, ಮುಂದಿನ ಬಾಗಿಲಿಗೆ ಕೂಗಿ ಹೇಳ್ದೆ, ‘ಚಂದ್ರಮ್ಮ ಬರ್ತಾವ್ರೆ, ಕೈಬಿಡಬೇಡಿ’ ಅಂತ. ಅವರು ಅವರ ಮುಂದಿನೋರಿಗೆ ಹೇಳಿದ್ರು. ಹಂಗೆ ಬಾಗಿಲಿಂದ ಬಾಗಿಲಿಗೆ ದಾಟಿಸಿ ಮನೆ ಮುಟ್ಸಿದ್ವಿ.”

ಲೋಟ ಕೆಳಗಿಟ್ಟೆ. ಕಿಟಕಿಯಿಂದ ನಾನು ಕಂಡದ್ದು ಸಿಟ್ಟಲ್ಲ. ಹಾಗಾದರೆ ಏನು? ಎಪ್ಪತ್ತು ವರ್ಷ ಗೋಡೆ ಹಂಚಿಕೊಂಡವಳು ನನ್ನ ಗೇಟನ್ನು ನೋಡಿ ಅದು ನನ್ನದೆಂದು ತಿಳಿಯದೆ ಹೋಗುವುದು ಎಂದರೇನು? ಅವಳಿಗೆ ಗೇಟು ಮಾತ್ರ ತಪ್ಪಿತೋ, ನಾನೂ ತಪ್ಪಿದೆನೋ? ದೇವೀರಮ್ಮ ಎದ್ದು ಬಲಕ್ಕೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. “ಟೀಚರಮ್ಮ ಬರ್ತಾವ್ರೇ! ಮಂಡಿನೋವು! ಕುರ್ಚಿ ಹಾಕೀ!” ಆ ಕೂಗು ಮೆಟ್ಟಿಲ ಮೇಲಿನ ಮನೆಯಲ್ಲಿ ಗಂಡಸಿನ ದನಿಯಾಗಿ, ಅದರಾಚೆ ಹೆಂಗಸಿನ ದನಿಯಾಗಿ ಮುಂದೆ ಮುಂದೆ ಹೋಯಿತು. ಅಲ್ಲಿಂದ ಮುಂದೆ ನಾನು ದಾಟಿದ ಒಂದೊಂದು ಗೇಟಿನ ಬಳಿಯೂ ಏನಾದರೊಂದು ಇಟ್ಟಿದ್ದರು. ಬೆತ್ತದ ಕುರ್ಚಿ, ಒರಳು ಕಲ್ಲು, ಮಗುವಿನ ಮೂರು ಕಾಲಿನ ಸ್ಟೂಲು. ಒಂದು ಮನೆಯವರು ಕುರ್ಚಿ ಇಲ್ಲವೆಂದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಟವೆಲ್ಲು ಮಡಿಸಿಟ್ಟಿದ್ದರು. ಯಾರೂ ಹೆಚ್ಚು ಮಾತಾಡಿಸಲಿಲ್ಲ. ಕೂತು, ಎದ್ದು, ಕೂತು, ಎದ್ದು ನಡೆದೆ.

ಚಂದ್ರಿಯ ಮನೆಯ ಎಡಕ್ಕೆ ಫಿಲೋಮಿನಾ ಇದ್ದಾಳೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಗೇಟಿಗೆ ಒರಗಿ ನನ್ನನ್ನೇ ಕಾಯುತ್ತಿದ್ದಳು. “ಬನ್ನಿ ಟೀಚರ್. ನಿಮ್ಮ ಕೂಗು ನಿಮಗಿಂತ ಮೂರು ಗಂಟೆ ಮುಂಚೆ ಬಂತು” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಅವತ್ತಿಂದ ಬೀದಿಗೆ ಇಳಿಯೋಕೆ ಹೆದರ್ತಾರೆ. ಒಲೆ ಹಚ್ಚೋದೂ ಬೇಡ ಅಂತ ನಾನೇ ಗೋಡೆ ಮೇಲಿಂದ ಊಟ ಕೊಡ್ತಿದ್ದೀನಿ. ಅರ್ಧ ತಿಂತಾರೆ. ಅರ್ಧ ಡಬ್ಬಿಗೆ ಹಾಕಿಡ್ತಾರೆ, ಪಂಕಜಂಗೆ ಅಂತ. ಸಂಜೆ ನೋಡಿದ್ರೆ ಹಂಗೇ ಆರಿಬಿದ್ದಿರುತ್ತೆ. ಕೆಲವು ದಿನ ಎಲ್ಲ ನೆನಪಿರುತ್ತೆ ಟೀಚರ್, ಕೆಲವು ದಿನ ಇಲ್ಲ. ಇವತ್ತು ಹೆಂಗಿದ್ದಾರೋ. ನೀವು ಮನಸ್ಸಿಗೆ ಹಚ್ಕೋಬೇಡಿ.”

ಚಂದ್ರಿಯ ಗೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದೆ. ಅಷ್ಟು ದೂರ ಬಂದು ದಾಟಿಬಿಟ್ಟೇನು ಎಂಬ ಭಯ. ಮೂರು ಗಂಟೆಯಾಗಿತ್ತು. ನಡುಮನೆಯಲ್ಲಿ ಟೀವಿ ಹಚ್ಚಿತ್ತು. ಅವಳು ಚಾಪೆಯ ಮೇಲೆ ಕೂತು ಬುಟ್ಟಿ ಇಣಚಿಯನ್ನು ಆಡಿಸುತ್ತಿದ್ದಳು. ಪಕ್ಕದಲ್ಲಿ ಒಂದು ಮಣೆ, ಮಣೆಯ ಮೇಲೆ ಇನ್ನೊಂದು ರಿಮೋಟು.

“ಬನ್ನಿ, ಬನ್ನಿ. ಬಿಸಿಲಲ್ಲಿ ಬಂದಿದ್ದೀರಿ” ಎಂದಳು. ಬಹುವಚನ!

“ನಾನು ಕಣೆ, ಪಂಕಜ.”

“ಹೂಂ ಹೂಂ, ಗೊತ್ತಾಯ್ತು” ಎಂದಳು, ಗೊತ್ತಾಗದ ನೆಂಟರಿಗೆ ನಾವೆಲ್ಲ ಹೇಳುವ ಹಾಗೆ. ನೀರು ತಂದುಕೊಟ್ಟಳು. “ನಿಮಗೆ ಈ ಆಟ ಬರುತ್ತಾ? ಇಲ್ಲಿ ಇಬ್ಬರು ಬೇಕು. ಪಕ್ಕದ್ಮನೆ ಪಂಕಜ ಬರ್ಲಿ ಅಂತ ಕಾಯ್ತಿದ್ದೆ. ಅವಳಿಗೆ ಮಂಡಿನೋವು, ಪಾಪ. ಇದು ಅವಳದು, ಹುಷಾರಾಗಿ ಹಿಡ್ಕೊಳ್ಳಿ” ಎಂದು ಮಣೆಯ ಮೇಲಿನ ರಿಮೋಟನ್ನು ನನಗೆ ಕೊಟ್ಟಳು. ನಾನೇ ಪಂಕಜ ಎಂದು ಇನ್ನೊಮ್ಮೆ ಹೇಳಬೇಕೆನ್ನಿಸಿತು. ಹೇಳಿದರೆ ಅವಳು ಮತ್ತೆ ಹೂಂ ಹೂಂ ಎನ್ನುತ್ತಾಳೆ. ರಿಮೋಟು ಹಿಡಿದು ಕೂತೆ.

ಬೆರಳುಗಳಿಗೆ ಎಲ್ಲ ನೆನಪಿತ್ತು, ನನ್ನವಕ್ಕೂ ಅವಳವಕ್ಕೂ. ಮಡಕೆ, ಕೊಂಬೆ, ಮಡಕೆ. ನೇತಾಡುವ ಕೊಡೆ ಬಂದಲ್ಲೆಲ್ಲ ಅವಳು ನೆಗೆದು ಮುಟ್ಟಿ “ಹಾಂ” ಎನ್ನುತ್ತಿದ್ದಳು. ಬಾವಿ ಬಂತು. ಅವಳ ಇಣಚಿ ತಾನಾಗಿ ಹೋಗಿ ಹಲಗೆಯ ತುದಿಯಲ್ಲಿ ನಿಂತಿತು. “ನೀವು ಹೋಗಿ.”

“ಇವತ್ತು ನೀನು ಹೋಗು. ನಾನು ನಿಂತಿರ್ತೀನಿ.”

“ನಾನಾ?” ಅವಳು ಅನುಮಾನದಿಂದ ಇಳಿದಳು. ನಾನು ಹಲಗೆಯ ಮೇಲೆ ನಿಂತೆ. ಬುಟ್ಟಿ ಇಣಚಿ ಮೊದಲ ಬಾರಿ ಬಾವಿ ದಾಟಿತು. ಇನ್ನು ಅವಳು ಮುಂದೆ ಓಡುತ್ತಾಳೆ, ಎಡ ಅಂಚು ನನ್ನನ್ನು ನುಂಗುತ್ತದೆ, ನುಂಗಲಿ ಎಂದು ಕಾದೆ. ಅವಳು ಓಡಲಿಲ್ಲ. ಆಚೆ ದಡದಲ್ಲಿ ಒಂದು ಬೂದು ಬಣ್ಣದ ಕಲ್ಲಿತ್ತು. ಅದರ ಮೇಲೆ ಹತ್ತಿ, ನನ್ನ ಕಡೆ ಮುಖ ಮಾಡಿ ನಿಂತಳು. ಕಲ್ಲು ಮೆಲ್ಲಗೆ ಕುಸಿಯಿತು, ಬಾವಿಯ ಮೇಲೆ ಹಲಗೆ ಸಮನಾಗಿ ಮಲಗಿತು. ನಾನು ನಡೆದುಕೊಂಡು ದಾಟಿದೆ. ಇಪ್ಪತ್ತೇಳು ವರ್ಷ ಆ ಕಲ್ಲಿನ ಮೇಲಿಂದ ನಾನು ಹಾರಿ ಹೋಗಿದ್ದೆ. ಅದು ನಿಂತು ಕಾಯುವ ಜಾಗವೆಂದು ನನಗೆ ಹೊಳೆದೇ ಇರಲಿಲ್ಲ.

“ಪಂಕಜ ಇಲ್ಲಿ ನಿಲ್ಲಲ್ಲ” ಎಂದಳು ಚಂದ್ರಿ, ಟೀವಿಯಿಂದ ಕಣ್ಣು ತೆಗೆಯದೆ. “ಆದ್ರೆ ಎಷ್ಟು ಚೆನ್ನಾಗಿ ಓಡ್ತಾಳೆ ಅಂತೀರಿ! ನೋಡ್ತಾ ನೋಡ್ತಾ ನಂಗೆ ಕೈ ಆಡ್ಸೋದೇ ಮರೆತುಹೋಗುತ್ತೆ.”

ಬಾವಿಯ ಆಚೆ ನಮಗೆ ಗೊತ್ತಿರದ ಕಾಡು, ಗೊತ್ತಿರದ ಹೊಳೆ. ಏನೇನೋ ಬಿದ್ದವು, ಏನೇನೋ ಬೆನ್ನಟ್ಟಿದವು. ಇಬ್ಬರೂ ಹಲವು ಸಲ ಸತ್ತೆವು, ಕೊಡೆಯಿಂದ ಮತ್ತೆ ಶುರು ಮಾಡಿದೆವು. ಐದು ಗಂಟೆಯ ಹೊತ್ತಿಗೆ ಕೊನೆಯ ಮನೆ ಬಂತು. ಹೆಂಚಿನ ಮಾಡು, ನೀಲಿ ಬಾಗಿಲು. ಇಬ್ಬರೂ ಹೊಸಿಲು ಮುಟ್ಟಿದೆವು. ಬಾಗಿಲು ತೆರೆಯಿತು. ಒಳಗೆ ಕತ್ತಲೆ, ಅದರ ಮೇಲೆ ಯಾವುದೋ ದೇಶದ ಲಿಪಿಯಲ್ಲಿ ನಾಲ್ಕು ಸಾಲು. ಅಷ್ಟರಲ್ಲಿ ಅದೂ ಮಾಯವಾಗಿ, ಮೊದಲ ಹಂತದ ಮೊದಲ ಮರ ಕಾಣಿಸಿತು. ಅದರ ಕೆಳಗೆ ಇಣಚಿಗಳೆರಡೂ ಬಲಕ್ಕೆ ಮುಖ ಮಾಡಿ ನಿಂತಿದ್ದವು. ಅಮ್ಮನಿಲ್ಲ, ಎಲೆಯಿಲ್ಲ.

“ಇಷ್ಟೇನಾ?” ಎಂದಳು ಚಂದ್ರಿ.

“ಇಷ್ಟೇ ಅಂತ ಕಾಣುತ್ತೆ” ಎಂದೆ.

ಅವಳು ನನ್ನ ಕಡೆ ಬಾಗಿ ಗುಟ್ಟಾಗಿ ಹೇಳಿದಳು. “ಪಂಕಜಂಗೆ ಹೇಳ್ಬೇಡಿ. ತುಂಬಾ ಆಸೆ ಇಟ್ಕೊಂಡಿದ್ದಾಳೆ. ಬೇಜಾರು ಮಾಡ್ಕೋತಾಳೆ.”

ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. “ಅವಳ ಮನೆಗೆ ಹೋಗಲ್ವಾ ನೀನು?” ಎಂದು ಕೇಳಿದೆ. “ಹೊರಡ್ತೀನಿ. ಮನೇನೇ ಸಿಗಲ್ಲ. ಟೈಲರ್ ಅಂಗಡಿ ಬಂದ್ಬಿಡುತ್ತೆ. ಆಮೇಲೆ ಕೆರೆ, ಆಮೇಲೆ ಎಲ್ಲ ಬರುತ್ತೆ. ಡಬ್ಬಿ ಆರಿಹೋಗುತ್ತೆ. ಆರಿದ ಅನ್ನ ಅವಳಿಗೆ ಹೆಂಗೆ ಕೊಡ್ಲಿ ಹೇಳಿ” ಎಂದಳು. ಟೀವಿಯಲ್ಲಿ ಅವಳ ಇಣಚಿ ಆಗಲೇ ಮತ್ತೆ ಹೊರಟಿತ್ತು. ಮೊದಲ ಕೊಡೆ ಬಂತು. ಎಲ್ಲ ಮರೆತಂತಿದ್ದ ಆ ಬೆರಳು ತಪ್ಪದೆ ಗುಂಡಿ ಒತ್ತಿತು, ಇಣಚಿ ನೆಗೆದು ಕೊಡೆ ಮುಟ್ಟಿತು, ಗಂಟೆ ಬಾರಿಸಿತು. “ಹಾಂ” ಎಂದಳು ಚಂದ್ರಿ. ನಾನು ಮೂಲೆಗಿಟ್ಟಿದ್ದ ನನ್ನ ಕಪ್ಪು ಕೊಡೆಯನ್ನು ನೋಡಿದೆ.

ಮನೆಗೆ ಬಂದವಳೇ, ಗೇಟಿನ ಮೇಲೆ ಚಾಚಿದ್ದ ನುಗ್ಗೆ ಕೊಂಬೆಗೆ ಕೊಡೆಯನ್ನು ಬಿಚ್ಚಿ ಕಟ್ಟಿದೆ. ಕೈಗೆ ಎಟುಕುವಷ್ಟು ಎತ್ತರಕ್ಕೆ. ಮಾರನೆಯ ದಿನ ಹಾದುಹೋದವರೆಲ್ಲ ತಮಾಷೆ ಮಾಡಿದರು. “ಏನ್ ಟೀಚರಮ್ಮ, ಮಳೆ ಇಲ್ಲ ಬಿಸಿಲಿಲ್ಲ, ಗೇಟಿಗೆ ಶೀತ ಆಗಿದ್ಯಾ?” ಹಾಗೆ ಕೇಳಿದವರ ಕೈಲೇ, ಚಂದ್ರಮ್ಮ ಈ ಕಡೆಯಿಂದ ಹೊರಟರೆ ಬಾಗಿಲಿಂದ ಬಾಗಿಲಿಗೆ ಕೂಗಿ ಮನೆ ಮುಟ್ಟಿಸಬೇಕು ಎಂದು ಹುಸೇನಣ್ಣನಿಗೂ ದೇವೀರಮ್ಮನಿಗೂ, ಧೈರ್ಯ ಹೇಳಿ ಅವಳನ್ನು ಹೊರಡಿಸಬೇಕು ಎಂದು ಫಿಲೋಮಿನಾಳಿಗೂ ಹೇಳಿಕಳಿಸಿದೆ. ಮಾತು ನಡುವೆ ಎಲ್ಲೂ ನಿಲ್ಲಬಾರದೆಂದು ನಾಲ್ಕು ಜನರ ಕೈಲಿ ನಾಲ್ಕು ಸಲ ಕಳಿಸಿದೆ.

ಆ ದಿನ ಅವಳು ಬರಲಿಲ್ಲ. ಮೂರು ಗಂಟೆಗೆ ಗೋಡೆಯಾಚೆ ರಾಗ ಕೇಳಿತು, ಗಂಟೆ ಕೇಳಿತು, ಬಾವಿ ಕೇಳಿತು. ಎರಡನೆಯ ದಿನವೂ ಅಷ್ಟೇ. ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕೊಡೆ ಕಟ್ಟಿದ್ದೇ ಹುಚ್ಚುತನವೇನೋ ಎನ್ನಿಸಿತು. ಅವಳು ಬಂದರೂ ನೋಡಿದೊಡನೆ ಇದು ಕೊಡೆ ಎಂದಷ್ಟೇ ಅಂದುಕೊಂಡು ದಾಟಿದರೆ? ಆಟದ ಕೊಡೆ ನೀಲಿ, ನನ್ನದು ಕಪ್ಪು. ಮೂರನೆಯ ದಿನ ಬೆಳಿಗ್ಗೆ ಗೋಡೆಯಾಚೆಯಿಂದ ಹೀರೇಕಾಯಿಯ ಒಗ್ಗರಣೆಯ ವಾಸನೆ ಬಂತು. ಜೊತೆಗೆ ಫಿಲೋಮಿನಾಳ ದನಿ, “ಉಪ್ಪು ಹಾಕಿದ್ದೀರಿ, ಸಾಕು.” ಆಮೇಲೆ ಗೇಟಿನ ಚಿಲಕದ ಸದ್ದು. ನಾನು ಎದ್ದು ನಿಂತೆ.

ಚಂದ್ರಿ ಮೆಲ್ಲಗೆ ನಡೆದು ಬಂದಳು, ಕಣ್ಣು ನೆಲದ ಮೇಲೆ. ತುಟಿ ಏನನ್ನೋ ಎಣಿಸುತ್ತಿತ್ತು. ಗೇಟಿನ ಮೊದಲ ಕಂಬ ದಾಟಿದಳು. ಕೂಗಬೇಕೆಂದರೂ ಅವಳಿನ್ನೂ ನನ್ನ ಎಡಕ್ಕಿದ್ದಳು. ಕೊಡೆಯ ನೆರಳು ಕಾಲ ಮೇಲೆ ಬಿದ್ದಾಗ ನಿಂತಳು. ಕತ್ತೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹಿಮ್ಮಡಿಯೆತ್ತಿ, ಕೈ ಚಾಚಿ, ಒಂದು ಬೆರಳಿನಿಂದ ಅದರ ಕಡ್ಡಿಯನ್ನು ಮುಟ್ಟಿದಳು.

ನನ್ನ ಮುಖದ ಕಡೆ ತಿರುಗಿದಳು. ಗುರುತು ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವಳು ಹೆಸರು ಹಿಡಿದು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಗೇಟಿನ ಮೇಲಿಂದ ಡಬ್ಬಿಯನ್ನು ಸುಮ್ಮನೆ ನನ್ನ ಕಡೆ ಚಾಚಿದಳು. ಎರಡೂ ಕೈಯಲ್ಲಿ ತೆಗೆದುಕೊಂಡೆ. ಬಿಸಿಯಾಗಿತ್ತು, ಸೆರಗು ಸುತ್ತಿಕೊಂಡು ಹಿಡಿಯಬೇಕಾಯಿತು.